ಎಕ್ಕದ ಗಿಡಕ್ಕೆ ಬಿಸಿಲಿನ ಒಂದು ಮೂಲೆ ಬಿಟ್ಟುಕೊಡಿ

ಮನೆ ಮುಂದೆ ಚಿಟ್ಟೆ ಬರಲಿ ಅಂತ ನರ್ಸರಿಗೆ ಹೋದವರು ಸಾಮಾನ್ಯವಾಗಿ ತರುವುದು ಹೂವಿನ ಗಿಡ. ಚಿಟ್ಟೆಗಳು ಬರುತ್ತವೆ, ಮಕರಂದ ಹೀರುತ್ತವೆ, ಹೋಗುತ್ತವೆ. ಅವು ಅಲ್ಲೇ ಹುಟ್ಟಿ ಬೆಳೆಯಬೇಕು ಅಂದರೆ ಮರಿಹುಳು ತಿನ್ನುವ ಎಲೆ ಬೇಕು. ಹೆಚ್ಚಿನ ಜಾತಿಯ ಹುಳುಗಳಿಗೆ ಅವುಗಳದ್ದೇ ಕೆಲವು ಗಿಡಗಳಿವೆ, ಬೇರೆ ಎಲೆ ಕೊಟ್ಟರೆ ಸಾಮಾನ್ಯವಾಗಿ ಹಸಿದು ಸಾಯುತ್ತವೆಯೇ ಹೊರತು ಮುಟ್ಟುವುದಿಲ್ಲ. ಬಿಸಿಲು ಚೆನ್ನಾಗಿ ಬೀಳುವ ಜಾಗಕ್ಕೆ ಅಂಥ ಒಂದು ಗಿಡ ಹೇಳಿ ಅಂದರೆ ನಾನು ಹೇಳುವುದು ಎಕ್ಕ. ಖಾಲಿ ಸೈಟಿನಲ್ಲಿ, ರೈಲು ಹಳಿ ಪಕ್ಕದಲ್ಲಿ, ಜಲ್ಲಿ ರಾಶಿಯ ಮೇಲೆ ಯಾರೂ ನೀರು ಹಾಕದಿದ್ದರೂ ಎದ್ದು ನಿಲ್ಲುವ, ಜೆಸಿಬಿ ಬಂದ ದಿನ ಎಲ್ಲಕ್ಕಿಂತ ಮೊದಲು ಹೋಗುವ ಅದೇ ಎಕ್ಕ.

‘ಮಿಲ್ಕ್‌ವೀಡ್ ನೆಡಿ, ಚಿಟ್ಟೆ ಉಳಿಸಿ’ ಅನ್ನುವ ಮಾತನ್ನು ನೀವು ಓದಿರಬಹುದು. ಅದು ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ. ಅಲ್ಲಿನ ಮೊನಾರ್ಕ್ ಚಿಟ್ಟೆಯ ಮರಿಗಳಿಗೆ ಮಿಲ್ಕ್‌ವೀಡ್ ಗಿಡಗಳೇ ಆಹಾರ. ಮೆಕ್ಕೆಜೋಳ, ಸೋಯಾ ಹೊಲಗಳಿಗೆ ಕಳೆನಾಶಕ ಹೊಡೆದು ಹೊಡೆದು ಆ ಗಿಡ ಕಡಿಮೆಯಾಯಿತು, ಚಿಟ್ಟೆಗೂ ಪೆಟ್ಟು ಬಿತ್ತು. ನಮ್ಮ ಎಕ್ಕ ಅದೇ ಮಿಲ್ಕ್‌ವೀಡ್ ಬಳಗದ್ದು. ಮೊನಾರ್ಕ್‌ನ ದಾಯಾದಿಯೂ ನಮ್ಮಲ್ಲಿದೆ, ಹೆಸರು ಪ್ಲೇನ್ ಟೈಗರ್. ಕಿತ್ತಳೆ ಬಣ್ಣದ ರೆಕ್ಕೆ, ಅಂಚಿಗೆ ಕಪ್ಪು, ಮುಂದಿನ ರೆಕ್ಕೆಯ ತುದಿಯ ಕಪ್ಪಿನಲ್ಲಿ ಬಿಳಿ ಮಚ್ಚೆಗಳು. ಕರ್ನಾಟಕದಲ್ಲಿ ಇದನ್ನು ನೋಡದವರು ಯಾರೂ ಇರಲಿಕ್ಕಿಲ್ಲ, ಹೆಸರು ಗೊತ್ತಿಲ್ಲದೆ ಇರಬಹುದು ಅಷ್ಟೇ.

ಹೆಣ್ಣು ಚಿಟ್ಟೆ ಗಿಡದ ಸುತ್ತ ತಗ್ಗಿ ಹಾರುತ್ತಾ ಎಲೆಗಳ ಮೇಲೆ ಕಾಲೂರಿ ನೋಡುತ್ತದೆ. ರುಚಿ ತಿಳಿಯುವ ಅಂಗ ಅದರ ಕಾಲಿನಲ್ಲೇ ಇದೆ. ಇದೇ ಗಿಡ ಅಂತ ಖಾತ್ರಿಯಾದರೆ ಹೊಟ್ಟೆಯ ತುದಿ ಬಗ್ಗಿಸಿ, ಎಲೆಯ ಅಡಿಗೆ ಒಂದೇ ಒಂದು ಮೊಟ್ಟೆ ಅಂಟಿಸಿ ಮುಂದಕ್ಕೆ ಹೋಗುತ್ತದೆ. ಮೊಟ್ಟೆ ಗುಂಡುಸೂಜಿಯ ತಲೆಯಷ್ಟು, ಕೆನೆಬಣ್ಣ, ಮೈತುಂಬ ಉದ್ದುದ್ದ ಗೀರು. ಮೂರ್ನಾಲ್ಕು ದಿನಕ್ಕೆ ಒಡೆಯುತ್ತದೆ. ಹೊರಬಂದ ಹುಳು ಮೊದಲು ತಿನ್ನುವುದು ತನ್ನದೇ ಮೊಟ್ಟೆಯ ಚಿಪ್ಪನ್ನು.

ಆಮೇಲೆ ಇರುವುದು ನಿಜವಾದ ಕಷ್ಟ. ಎಕ್ಕದ ಎಲೆ ಮುರಿದರೆ ಬಿಳಿ ಹಾಲು ಸುರಿಯುತ್ತದೆ, ಅಲ್ವಾ? ಅದು ಗಿಡ ತನ್ನನ್ನು ಕಾಪಾಡಿಕೊಳ್ಳುವ ದಾರಿ. ಹಾಲು ಗಾಳಿಗೆ ಗಟ್ಟಿಯಾಗಿ ಅಂಟಾಗುತ್ತದೆ, ಪುಟ್ಟ ಹುಳುವಿನ ಬಾಯಿ ಮೆತ್ತಿಹೋಗುತ್ತದೆ, ಎಷ್ಟೋ ಮರಿಗಳು ಮೊದಲ ದಿನವೇ ಅದರಲ್ಲಿ ಸಿಕ್ಕಿ ಸಾಯುತ್ತವೆ. ಬದುಕಿದವು ಏನು ಮಾಡುತ್ತವೆ ಅಂತ ಒಂದು ಬೆಳಿಗ್ಗೆ ಗಿಡದ ಹತ್ತಿರ ಕೂತು ನೋಡಿ. ಚಿಕ್ಕ ಹುಳು ಎಲೆಯ ಮೇಲೆ ಸಣ್ಣ ವೃತ್ತದಂತೆ ಕೆರೆಯುತ್ತದೆ, ಒಳಗಿನ ಭಾಗಕ್ಕೆ ಹಾಲು ಹರಿಯುವುದು ನಿಲ್ಲುತ್ತದೆ, ಆಮೇಲೆ ಅಷ್ಟನ್ನೇ ತಿನ್ನುತ್ತದೆ. ದೊಡ್ಡದಾದ ಮೇಲೆ ಕೆಲಸ ಇನ್ನೂ ನೇರ. ಎಲೆಯ ನಡುನರವನ್ನೇ ಕಚ್ಚಿ ಕಚ್ಚಿ ಗಾಯ ಮಾಡುತ್ತದೆ. ಹಾಲು ಅಲ್ಲೇ ಸೋರಿಹೋಗುತ್ತದೆ, ಎಲೆ ಜೋತುಬೀಳುತ್ತದೆ. ಹುಳು ನಿಧಾನವಾಗಿ ಗಾಯದಿಂದ ಆಚೆಗೆ ಹೋಗಿ ಹಾಲಿಲ್ಲದ ಕಡೆ ತಿನ್ನಲು ಶುರುಮಾಡುತ್ತದೆ. ಎಕ್ಕದ ಮೇಲೆ ಒಂದೇ ಎಲೆ ಬಾಡಿದಂತೆ ತೂಗಾಡುತ್ತಿದ್ದರೆ ನೀರು ಸಾಲಲಿಲ್ಲ ಅಂತ ಬಕೆಟ್ ತರಬೇಡಿ, ಎಲೆ ಮಗುಚಿ ನೋಡಿ. ಬಿಳಿ, ಕಪ್ಪು, ಹಳದಿ ಪಟ್ಟಿಗಳ ನುಣುಪಾದ ಹುಳು ಇರುತ್ತದೆ. ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು. ಮೊನಾರ್ಕ್ ಹುಳುವಿಗೆ ಎರಡೇ ಜೊತೆ.

ಹಾಲು ಬರೀ ಅಂಟಲ್ಲ, ವಿಷವೂ ಹೌದು. ಅದರಲ್ಲಿರುವ ಕಾರ್ಡಿನೊಲೈಡ್ ಅನ್ನುವ ರಾಸಾಯನಿಕಗಳು ಜೀವಕೋಶದ ಸೋಡಿಯಂ-ಪೊಟ್ಯಾಸಿಯಂ ಪಂಪನ್ನು ಕಟ್ಟಿಹಾಕುತ್ತವೆ. ನರ, ಹೃದಯ ಎಲ್ಲ ನಡೆಯುವುದು ಆ ಪಂಪಿನಿಂದಲೇ. ಹೃದಯದ ತೊಂದರೆಗೆ ಅಳೆದು ಕೊಡುವ ಡಿಗಾಕ್ಸಿನ್ ಕೂಡ ಇದೇ ಗುಂಪಿನದ್ದು. ಹಾಗಾದರೆ ಹುಳು ಸಾಯುವುದಿಲ್ಲ ಯಾಕೆ? ಮೊನಾರ್ಕ್‌ನಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಅದರ ಪಂಪಿನ ಪ್ರೊಟೀನಿನಲ್ಲಿ ಕೆಲವೇ ಕೆಲವು ಅಮೈನೊ ಆಮ್ಲಗಳು ಬದಲಾಗಿವೆ, ಹಾಗಾಗಿ ವಿಷ ಸರಿಯಾಗಿ ಅಂಟಿಕೊಳ್ಳುವುದಿಲ್ಲ. 2019ರಲ್ಲಿ ವಿಜ್ಞಾನಿಗಳು ಹಣ್ಣುನೊಣದ ಜೀನಿನಲ್ಲಿ ಇಂಥ ಮೂರು ಬದಲಾವಣೆ ಮಾಡಿದರು. ಆ ನೊಣಗಳೂ ವಿಷ ತಡೆದುಕೊಂಡವು. ಬರೀ ಮೂರು!

ಹುಳು ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತದೆ, ಅದು ಚಿಟ್ಟೆಯಾದ ಮೇಲೂ ಉಳಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ ಮತ್ತು ಜೊತೆಗಾರರು ಬ್ಲೂ ಜೇ ಹಕ್ಕಿಗಳಿಗೆ ಮೊನಾರ್ಕ್ ತಿನ್ನಿಸಿ ನೋಡಿದರು. ವಿಷದ ಮಿಲ್ಕ್‌ವೀಡ್ ತಿಂದು ಬೆಳೆದ ಚಿಟ್ಟೆ ನುಂಗಿದ ಹಕ್ಕಿ ವಾಂತಿ ಮಾಡಿಕೊಂಡಿತು, ಆಮೇಲೆ ಅದರ ಸುದ್ದಿಗೇ ಹೋಗಲಿಲ್ಲ. ಹೇಗೋ ಕಷ್ಟಪಟ್ಟು ಎಲೆಕೋಸು ತಿನ್ನಿಸಿ ಬೆಳೆಸಿದ ಮೊನಾರ್ಕ್ ಕೊಟ್ಟರೆ ಏನೂ ಆಗಲಿಲ್ಲ. ವಿಷ ಬಂದದ್ದು ಗಿಡದಿಂದ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪ್ಲೇನ್ ಟೈಗರ್ ಅಷ್ಟೊಂದು ನಿಧಾನವಾಗಿ, ಯಾರ ಹೆದರಿಕೆಯೂ ಇಲ್ಲದೆ ಹಾರುವುದು ಇದೇ ಧೈರ್ಯದಲ್ಲಿ.

ಈ ಹೆಸರಿನ ಲಾಭ ಪಡೆಯುವ ಇನ್ನೊಂದು ಚಿಟ್ಟೆ ಇದೆ, ಡಾನೈಡ್ ಎಗ್‌ಫ್ಲೈ. ಅದರ ಗಂಡು ಕಪ್ಪು, ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆಗಳು. ಹೆಣ್ಣು ಮಾತ್ರ ಥೇಟ್ ಪ್ಲೇನ್ ಟೈಗರ್! ಅದರಲ್ಲಿ ವಿಷವಿಲ್ಲ, ವೇಷ ಅಷ್ಟೇ. ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನಲ್ಲಿ 11 ವರ್ಷ ಅಲೆದು 1862ರಲ್ಲಿ ವಿವರಿಸಿದ ಅನುಕರಣೆ ಇದೇ. ಇವೆರಡನ್ನೂ ಒಂದೇ ತೋಟದಲ್ಲಿ ನೋಡುವ ಉಪಾಯ ಇದೆ: ಎಗ್‌ಫ್ಲೈ ಮರಿಗಳು ತಿನ್ನುವುದು ನಾವು ಸಾರು ಮಾಡುವ ಗೋಣಿ ಸೊಪ್ಪನ್ನು. ಎಕ್ಕದ ಪಕ್ಕ ಒಂದಿಷ್ಟು ಗೋಣಿ ಸೊಪ್ಪು ಹರಡಲು ಬಿಡಿ. ಹಿಂದಿನ ರೆಕ್ಕೆಯ ಮಧ್ಯದಲ್ಲಿ ಮೂರ್ನಾಲ್ಕು ಕಪ್ಪು ಚುಕ್ಕೆ ಇದ್ದರೆ ಪ್ಲೇನ್ ಟೈಗರ್, ಇಲ್ಲದಿದ್ದರೆ ವೇಷಧಾರಿ.

ಎಕ್ಕ ಬೆಳೆಸುವುದಕ್ಕೆ ಹೇಳಿಕೊಡುವಂಥದ್ದು ಜಾಸ್ತಿ ಇಲ್ಲ. ಕಾಯಿ ಒಡೆದು ರೇಷ್ಮೆಯಂಥ ಎಳೆಗಳ ಜೊತೆ ಬೀಜ ಹಾರುವ ಹೊತ್ತಿಗೆ ನಾಲ್ಕು ಬೀಜ ಹಿಡಿದುಕೊಂಡು ಬಿತ್ತಿದರೆ ಸಾಕು. ಬಲಿತ ಗಿಡ ಕಿತ್ತು ತಂದು ನೆಡಲು ಹೋಗಬೇಡಿ, ಬೇರು ತುಂಬಾ ಆಳಕ್ಕೆ ಇಳಿದಿರುತ್ತದೆ. ದಿನಪೂರ್ತಿ ಬಿಸಿಲಿರಲಿ, ನೀರು ನಿಲ್ಲದಿರಲಿ. ಆಗಾಗ ಕತ್ತರಿಸುತ್ತಿದ್ದರೆ ಆಳೆತ್ತರ ದಾಟುವುದಿಲ್ಲ, ಮರಿಗಳಿಗೆ ಎಳೆ ಚಿಗುರೂ ಸಿಗುತ್ತದೆ. ಕುಂಡದಲ್ಲೇ ಬೆಳೆಸಬೇಕು ಅನ್ನುವವರಿಗೆ ಕೆಲವು ನರ್ಸರಿಗಳಲ್ಲಿ ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಸಿಗುತ್ತದೆ. ಪ್ಲೇನ್ ಟೈಗರ್ ಅದರ ಮೇಲೂ ಮೊಟ್ಟೆ ಇಡುತ್ತದೆ. ಆದರೆ ಅದು ಅಮೆರಿಕದ ಬಿಸಿ ನಾಡುಗಳಿಂದ ಬಂದ ಗಿಡ, ಬೀಜ ಗಾಳಿಗೆ ಹಾರಿ ಎಲ್ಲೆಲ್ಲೋ ಹುಟ್ಟುತ್ತದೆ. ಕಾಯಿ ಒಡೆಯುವ ಮೊದಲೇ ಕತ್ತರಿಸಿಬಿಡಿ. ನನ್ನ ಆಯ್ಕೆ ಎಕ್ಕವೇ, ಅದರ ಹೂವಿಗೆ ಬರುವ ದೊಡ್ಡ ಕಪ್ಪು ದುಂಬಿಗಳಿಗಾಗಿಯಾದರೂ.

ಎರಡು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿ ಮಂಜಾಗುತ್ತದೆ, ಕೆಲವೊಮ್ಮೆ ನೋವೇ ಇರುವುದಿಲ್ಲ, ಆದರೂ ಕಣ್ಣಿಗೆ ಹಾನಿ ಆಗುತ್ತಿರುತ್ತದೆ. ಕತ್ತರಿಸುವಾಗ ಗ್ಲೌಸ್ ಹಾಕಿ, ಆಮೇಲೆ ಕೈ ತೊಳೆಯಿರಿ, ಚಿಕ್ಕ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ. ಕಣ್ಣಿಗೆ ಬಿದ್ದೇಬಿಟ್ಟರೆ ತುಂಬಾ ನೀರು ಹಾಕಿ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು, ಔಷಧಿ ಹೊಡೆಯಬೇಡಿ. ಕುಡಿಗಳ ಮೇಲೆ ಹಳದಿ ಹೇನು ಮುತ್ತಿಕೊಳ್ಳುವುದು ಎಕ್ಕದಲ್ಲಿ ಮಾಮೂಲು, ನೀರು ಚಿಮ್ಮಿಸಿದರೆ ಉದುರುತ್ತವೆ. ಬೇವಿನೆಣ್ಣೆಯೂ ಬೇಡ, ಹೇನಿಗೆ ಹಾಕಿದ್ದು ಚಿಟ್ಟೆಯ ಮರಿಗೂ ತಾಗುತ್ತದೆ. ರಥಸಪ್ತಮಿಯ ಸ್ನಾನಕ್ಕೆ ಏಳು ಎಲೆ ಕೀಳುವಾಗಲೂ ಅಡಿಯಲ್ಲಿ ಮೊಟ್ಟೆ ಇದೆಯಾ ಅಂತ ಒಮ್ಮೆ ನೋಡಿ, ಇದ್ದರೆ ಪಕ್ಕದ ಎಲೆ ಕೀಳಿ.

ಸುಮಾರು ಎರಡು ವಾರ ತಿಂದ ಮೇಲೆ ಹುಳು ಇದ್ದಕ್ಕಿದ್ದಂತೆ ಗಿಡ ಬಿಟ್ಟು ಹೊರಡುವುದೂ ಉಂಟು. ಹಕ್ಕಿ ತಿಂದಿತು ಅಂತ ಬೇಜಾರು ಮಾಡಿಕೊಳ್ಳುವ ಮೊದಲು ಕಾಂಪೌಂಡಿನ ಮೂಲೆ, ಕುಂಡದ ಅಂಚು, ಕಿಟಕಿಯ ಸಜ್ಜದ ಅಡಿ ಹುಡುಕಿ. ಹಸಿರು ಅಥವಾ ನಸುಗೆಂಪು ಕೋಶ ತಲೆಕೆಳಗಾಗಿ ನೇತಾಡುತ್ತಿರುತ್ತದೆ, ಮೈಮೇಲೆ ಬಂಗಾರದ ಚುಕ್ಕಿಗಳು. ಸುಮ್ನೆ ಬಿಟ್ಟುಬಿಡಿ, ಕಿತ್ತು ಒಳಗೆ ತರಬೇಡಿ. ಹತ್ತು ದಿನದ ಆಸುಪಾಸಿನಲ್ಲಿ ಕೋಶ ಕಪ್ಪಾದಂತೆ ಕಂಡು ಒಳಗಿನ ರೆಕ್ಕೆಯ ಬಣ್ಣ ತೋರಿದರೆ ಚಿಟ್ಟೆ ಹೊರಬರುವ ಹೊತ್ತು ಹತ್ತಿರವಾಗಿದೆ ಅಂತ ಅರ್ಥ. ಅಷ್ಟರಲ್ಲಿ ಎಕ್ಕದಲ್ಲಿ ಬರೀ ಕಡ್ಡಿ ಉಳಿದಿದ್ದರೂ ಚಿಂತೆ ಬೇಡ, ಬುಡದಿಂದ ಮತ್ತೆ ಚಿಗುರುತ್ತದೆ.