ಒಂದು ಸಲ ಓಡಬೇಕಾದ ಕೆಲಸ ನಾಲ್ಕು ಸಲ ಯಾಕೆ ಓಡುತ್ತದೆ?

ಪ್ರಶ್ನೆ: ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಒಂದು ಸಣ್ಣ ಆ್ಯಪ್ ಮಾಡಿದ್ದೇನೆ. ಚಂದಾ ಮುಗಿಯಲು ಮೂರು ದಿನ ಇರುವವರಿಗೆ ದಿನಾ ಬೆಳಿಗ್ಗೆ 6ಕ್ಕೆ ನೆನಪಿನ ಮೇಲ್ ಹೋಗಬೇಕು. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಎಪಿಶೆಡ್ಯೂಲರ್ ಲೈಬ್ರರಿ ಹಾಕಿಕೊಂಡು, ಆ್ಯಪ್ ಕಾನ್ಫಿಗ್‌ನ ರೆಡಿ ಮೆಥಡ್‌ನಲ್ಲಿ (ಆ್ಯಪ್ ಶುರುವಾಗುವಾಗ ಜಾಂಗೋ ಕರೆಯುವ ಫಂಕ್ಷನ್) ಅದನ್ನು ಚಾಲೂ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಎರಡೆರಡು ಮೇಲ್ ಬರುತ್ತಿತ್ತು. ಸರ್ವರ್‌ಗೆ ಹಾಕಿದ ಮೇಲೆ ನಾಲ್ಕು ಬರುತ್ತಿವೆ. ತಪ್ಪೆಲ್ಲಿ?

ಉತ್ತರ: ಕೋಡ್ ಸರಿಯಾಗಿಯೇ ಇದೆ, ಅದನ್ನು ಇಟ್ಟ ಜಾಗ ತಪ್ಪು. "ಆ್ಯಪ್ ಶುರುವಾದಾಗ ಇದನ್ನು ಮಾಡು" ಅಂತ ಸಲೀಸಾಗಿ ಬರೆದುಬಿಡುತ್ತೇವೆ. ಆದರೆ ಆ್ಯಪ್ ಎಷ್ಟು ಸಲ ಶುರುವಾಗುತ್ತದೆ ಅಂತ ಯಾರೂ ಎಣಿಸಿ ನೋಡಿರುವುದಿಲ್ಲ.

ಮೊದಲು ಲ್ಯಾಪ್‌ಟಾಪ್ ವಿಷಯ. ಜಾಂಗೋದ ರನ್‌ಸರ್ವರ್ (ಕೋಡ್ ಬರೆಯುವಾಗ ಬಳಸುವ ಪುಟ್ಟ ಸರ್ವರ್) ಓಡುವಾಗ ಇರುವುದು ಒಂದಲ್ಲ, ಎರಡು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂನ ಎರಡು ಪ್ರತಿ. ನೀವು ಫೈಲ್ ಬದಲಿಸಿ ಸೇವ್ ಮಾಡಿದಾಗ ಒಂದು ಪ್ರೊಸೆಸ್ ಮುಗಿದು ಹೋಗುತ್ತದೆ, ಇನ್ನೊಂದು ಅದನ್ನು ಹೊಸದಾಗಿ ಎಬ್ಬಿಸುತ್ತದೆ. ಈ ಎರಡೂ ನಿಮ್ಮ ರೆಡಿ ಮೆಥಡ್ಡನ್ನು ಕರೆಯುತ್ತವೆ. ಹಾಗಾಗಿ ಎರಡು ಶೆಡ್ಯೂಲರ್, ಎರಡು ಮೇಲ್. ಹೀಗೆ ಮತ್ತೆ ಎಬ್ಬಿಸುವುದನ್ನು ನಿಲ್ಲಿಸುವ ನೋರೀಲೋಡ್ ಆಯ್ಕೆ ಕೊಟ್ಟು ಓಡಿಸಿ ನೋಡಿ, ಒಂದೇ ಬರುತ್ತದೆ.

ಸರ್ವರ್‌ನಲ್ಲಿ ಕಥೆ ಬೇರೆ. ಅಲ್ಲಿ ಆ್ಯಪ್ಪನ್ನು ಓಡಿಸುವ ಗುನಿಕಾರ್ನ್ ಇದೆ ಅಂದುಕೊಳ್ಳುತ್ತೇನೆ. ಅದು ಒಂದು ಮಾಸ್ಟರ್ ಪ್ರೊಸೆಸ್ ಇಟ್ಟುಕೊಂಡು, ಅದರ ಕೆಳಗೆ ಹಲವು ವರ್ಕರ್ ಪ್ರೊಸೆಸ್‌ಗಳನ್ನು ಹುಟ್ಟಿಸುತ್ತದೆ. ನಿಮ್ಮ ಕಡೆ ಬಹುಶಃ ನಾಲ್ಕು ಇರಬೇಕು. ಪ್ರತಿ ವರ್ಕರ್‌ಗೂ ತನ್ನದೇ ಮೆಮೊರಿ, ತನ್ನದೇ ಶೆಡ್ಯೂಲರ್. ಪಕ್ಕದವನು ಏನು ಮಾಡುತ್ತಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ನಾಲ್ಕು ಕೈಗಡಿಯಾರ, ನಾಲ್ಕರಲ್ಲೂ 6 ಗಂಟೆ ಆಯಿತು, ಅಷ್ಟೇ. ಜಾಂಗೋ ಬದಲು ಫಾಸ್ಟ್‌ಎಪಿಐ ಬಳಸಿ, ಗುನಿಕಾರ್ನ್ ತರಹದ ಯುವಿಕಾರ್ನ್‌ಗೆ ನಾಲ್ಕು ವರ್ಕರ್ ಕೊಟ್ಟರೂ ಇದೇ ಆಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದಿದೆ: ಗುನಿಕಾರ್ನ್‌ಗೆ ಪ್ರೀಲೋಡ್ ಆಯ್ಕೆ ಕೊಡಿ. ಹಾಗೆ ಮಾಡಿದರೆ ಮೇಲ್ ಒಂದೇ ಬರುತ್ತದೆ, ನಿಜ. ಯಾಕೆ ಅಂದರೆ ಆ್ಯಪ್ ಮಾಸ್ಟರ್‌ನಲ್ಲೇ ಲೋಡ್ ಆಗುತ್ತದೆ, ಶೆಡ್ಯೂಲರ್‌ನ ಥ್ರೆಡ್ (ಪ್ರೊಸೆಸ್ ಒಳಗೆ ಬೇರೆಯಾಗಿ ಓಡುವ ಎಳೆ) ಅಲ್ಲೇ ಹುಟ್ಟುತ್ತದೆ, ಮಾಸ್ಟರ್ ತನ್ನ ಪ್ರತಿ ತೆಗೆದು ವರ್ಕರ್ ಮಾಡುವಾಗ, ಅಂದರೆ ಫೋರ್ಕ್ ಮಾಡುವಾಗ, ಆ ಥ್ರೆಡ್ ವರ್ಕರ್‌ಗಳಿಗೆ ದಾಟುವುದಿಲ್ಲ. ಸಮಸ್ಯೆ ಹೋಯಿತು ಅಂತ ಅನಿಸುತ್ತದೆ. ನಾಳೆ ಇನ್ನೊಂದು ಮೆಷಿನ್ ಸೇರಿಸಿದಿರೋ, ಮತ್ತೆ ಎರಡು ಮಾಸ್ಟರ್, ಎರಡು ಮೇಲ್. ನನಗೆ ಈ ಉಪಾಯ ಇಷ್ಟವಿಲ್ಲ.

ಜಾಸ್ತಿ ಸಲ ಓಡುವುದು ಕಣ್ಣಿಗೆ ಬೀಳುವ ತೊಂದರೆ. ಒಂದು ಸಲವೂ ಓಡದೇ ಇರುವುದು ಕಣ್ಣಿಗೆ ಬೀಳದ ತೊಂದರೆ. ಸರಿಯಾಗಿ 6ಕ್ಕೆ ನೀವು ಹೊಸ ಕೋಡ್ ಹಾಕುತ್ತಿದ್ದೀರಿ ಅಂದುಕೊಳ್ಳಿ. ಪ್ರೊಸೆಸ್ ನಿಂತು ಮತ್ತೆ ಎದ್ದಿತು. ಶೆಡ್ಯೂಲರ್ ತನ್ನ ಪಟ್ಟಿಯನ್ನು ಮೆಮೊರಿಯಲ್ಲಿ ಮಾತ್ರ ಇಟ್ಟುಕೊಂಡಿದ್ದರೆ, ಅದಕ್ಕೆ 6 ಗಂಟೆಯ ಕೆಲಸ ತಪ್ಪಿಹೋಯಿತು ಅನ್ನೋದೇ ಗೊತ್ತಾಗುವುದಿಲ್ಲ. ನೇರವಾಗಿ ನಾಳೆ 6ಕ್ಕೆ ಕಾಯುತ್ತದೆ. ಪಟ್ಟಿಯನ್ನು ಡೇಟಾಬೇಸ್‌ನಲ್ಲಿ ಇಟ್ಟರೂ, ಎಪಿಶೆಡ್ಯೂಲರ್ 3ರಲ್ಲಿ ತಡವಾದ ಕೆಲಸಕ್ಕೆ ಕೊಡುವ ವಿನಾಯಿತಿ, ನೀವು ಬದಲಿಸದಿದ್ದರೆ, ಬರೀ 1 ಸೆಕೆಂಡ್. ಇನ್ನು ಯಾರೂ ಬಳಸದಿದ್ದಾಗ ಆ್ಯಪ್ಪನ್ನು ಮಲಗಿಸಿಬಿಡುವ ಹೋಸ್ಟಿಂಗ್ ಆದರೆ ಕೇಳುವುದೇ ಬೇಡ. ಬೆಳಿಗ್ಗೆ 6ಕ್ಕೆ ಯಾರು ಎದ್ದಿರುತ್ತಾರೆ?

ಇಲ್ಲಿ ಎರಡು ಬೇರೆ ಬೇರೆ ವಿಷಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಗಂಟೆ ಬಾರಿಸುವುದು ಒಂದು. ಯಾವ ಕೆಲಸ ಬಾಕಿ ಇದೆ ಅಂತ ತೀರ್ಮಾನಿಸುವುದು ಇನ್ನೊಂದು. ಗಡಿಯಾರದ ಕೆಲಸ ಸುಮ್ನೆ ಬಾಗಿಲು ತಟ್ಟುವುದು, ಅಷ್ಟೇ. ಬಾಕಿ ಏನಿದೆ ಅಂತ ಡೇಟಾಬೇಸ್ ಹೇಳಬೇಕು.

ಮೊದಲನೆಯದು ಸುಲಭ. ಗಂಟೆ ಬಾರಿಸುವವನು ವೆಬ್ ಪ್ರೊಸೆಸ್‌ಗಳಿಂದ ಹೊರಗಿರಬೇಕು, ಒಬ್ಬನೇ ಇರಬೇಕು. ನಿಮ್ಮ ಫಂಕ್ಷನ್ನನ್ನು ಜಾಂಗೋ ಮ್ಯಾನೇಜ್‌ಮೆಂಟ್ ಕಮಾಂಡ್ (ಟರ್ಮಿನಲ್‌ನಿಂದ ಓಡಿಸುವ ಆಜ್ಞೆ) ಆಗಿ ಬರೆಯಿರಿ, ಅದನ್ನು ಹೇಳಿದ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ನಿಂದ ಓಡಿಸಿ. ಕ್ರಾನ್ 1970ರ ದಶಕದಿಂದ ಯುನಿಕ್ಸ್‌ನಲ್ಲಿದೆ, ಹಳೇದು ಅಂತ ಮೂಗು ಮುರಿಯಬೇಡಿ. ಅದರಲ್ಲಿ ಎರಡು ಗುಂಡಿಗಳಿವೆ, ನೋಡಿಕೊಂಡು ನಡೆಯಿರಿ. ಕ್ರಾನ್‌ಗೆ ನಿಮ್ಮ ಟರ್ಮಿನಲ್‌ನ ಪರಿಸರ ಸಿಗುವುದಿಲ್ಲ, ಆದ್ದರಿಂದ ವರ್ಚುವಲ್ ಎನ್ವಿರಾನ್‌ಮೆಂಟ್‌ನ (ಪ್ರಾಜೆಕ್ಟ್‌ನ ಪ್ರತ್ಯೇಕ ಪೈಥಾನ್ ಫೋಲ್ಡರ್) ಪೈಥಾನ್‌ಗೆ ಪೂರ್ತಿ ದಾರಿ ಬರೆಯಬೇಕು. ಎರಡನೆಯದು, ತಿಂಗಳ ತಾರೀಖು ಮತ್ತು ವಾರ ಎರಡನ್ನೂ ಕೊಟ್ಟರೆ ಕ್ರಾನ್ ಅದನ್ನು "ಇದು ಅಥವಾ ಅದು" ಅಂತ ಓದುತ್ತದೆ. 13ನೇ ತಾರೀಖಿನ ಶುಕ್ರವಾರ ಮಾತ್ರ ಅಂತ ಬರೆದವರಿಗೆ ಪ್ರತಿ ಶುಕ್ರವಾರವೂ ಕೆಲಸ ಓಡುತ್ತದೆ, ಪ್ರತಿ 13ನೇ ತಾರೀಖೂ ಓಡುತ್ತದೆ!

ಹಿಂದಿನದು ಮುಗಿಯುವ ಮೊದಲೇ ಮುಂದಿನದು ಶುರುವಾಗುವ ಭಯವಿದ್ದರೆ, ಒಂದು ಸಲಕ್ಕೆ ಒಂದನ್ನೇ ಓಡಲು ಬಿಡುವ ಲಿನಕ್ಸ್‌ನ ಎಫ್‌ಲಾಕ್ ಕಮಾಂಡ್ ಸಾಕು. ಹಲವು ಮೆಷಿನ್ ಇದ್ದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಅಡ್ವೈಸರಿ ಲಾಕ್ ಬಳಸಿ. ಲಾಕ್ ಸಿಕ್ಕಿದವನು ಕೆಲಸ ಮಾಡುತ್ತಾನೆ, ಸಿಗದವನು ಸದ್ದಿಲ್ಲದೆ ಹೊರಟು ಹೋಗುತ್ತಾನೆ. ಹಿಡಿದವನ ಕನೆಕ್ಷನ್ ಕಡಿದುಹೋದರೆ ಲಾಕ್ ತಾನಾಗಿಯೇ ಬಿಟ್ಟುಹೋಗುತ್ತದೆ, ಅದು ಇದರ ಚಂದ. ಹಲವು ಮೆಷಿನ್‌ಗಳಲ್ಲಿ ಆ್ಯಪ್ ಓಡಿಸುವ ಕುಬರ್ನೆಟಿಸ್ ಇದ್ದವರು ಕ್ರಾನ್‌ಜಾಬ್‌ನಲ್ಲಿ ಕನ್‌ಕರೆನ್ಸಿ ಪಾಲಿಸಿಯನ್ನು ಫರ್ಬಿಡ್ (ಹಿಂದಿನದು ಓಡುತ್ತಿದ್ದರೆ ಹೊಸದು ಬೇಡ) ಅಂತ ಇಡಬಹುದು.

ಎರಡನೆಯ ವಿಷಯದಲ್ಲೇ ನಿಜವಾದ ವಿನ್ಯಾಸ ಇರುವುದು. ಡೇಟಾಬೇಸ್‌ಗೆ ನೀವು ಕೇಳುವ ಪ್ರಶ್ನೆ, ಅಂದರೆ ಕ್ವೆರಿ, ಈಗ ಹೀಗಿರಬಹುದು: "ಇವತ್ತಿನಿಂದ ಸರಿಯಾಗಿ ಮೂರು ದಿನಕ್ಕೆ ಚಂದಾ ಮುಗಿಯುವವರನ್ನು ಕೊಡು." ಒಂದು ದಿನ ಸರ್ವರ್ ಮಲಗಿತು ಅನ್ನಿ. ಆ ದಿನದ ಪಾಲಿನವರಿಗೆ ಮೇಲ್ ಎಂದೂ ಹೋಗುವುದಿಲ್ಲ. ಮಾರನೇ ದಿನ ಅವರಿಗೆ ಉಳಿದಿರುವುದು ಎರಡೇ ದಿನ, ಕ್ವೆರಿಗೆ ಅವರು ಕಾಣುವುದೇ ಇಲ್ಲ. ಅದನ್ನೇ ಹೀಗೆ ತಿರುಗಿಸಿ: "ಮೂರು ದಿನದೊಳಗೆ ಚಂದಾ ಮುಗಿಯುವವರಲ್ಲಿ, ಈ ಅವಧಿಗೆ ಇನ್ನೂ ಮೇಲ್ ಹೋಗಿಲ್ಲದವರನ್ನು ಕೊಡು." ಈಗ ಒಂದು ಸಲ ತಪ್ಪಿದರೆ ಮುಂದಿನ ಸಲ ಅದೇ ಸರಿಮಾಡಿಕೊಳ್ಳುತ್ತದೆ. ಗಂಟೆಗೊಮ್ಮೆ ಓಡಿಸಿದರೂ ನಷ್ಟವಿಲ್ಲ, ಬಾಕಿ ಇಲ್ಲದಿದ್ದರೆ ಏನೂ ಆಗುವುದಿಲ್ಲ.

ಇದಕ್ಕೆ ಒಂದು ಟೇಬಲ್ ಬೇಕು: ಯಾವ ಚಂದಾ, ಮುಗಿಯುವ ತಾರೀಖು ಯಾವುದು, ಮೇಲ್ ಯಾವಾಗ ಹೋಯಿತು. ಮೊದಲ ಎರಡಕ್ಕೂ ಸೇರಿಸಿ ಅದೇ ಜೋಡಿ ಎರಡನೇ ಸಲ ಸೇರದಂತೆ ಯುನೀಕ್ ಕನ್‌ಸ್ಟ್ರೇಂಟ್ ಹಾಕಿ. ಪ್ರತಿಯೊಬ್ಬರಿಗೂ ಮೊದಲು ಈ ಸಾಲು ಸೇರಿಸಿ, ಆಮೇಲೆ ಮೇಲ್ ಕಳಿಸಿ. ಆಗ ನಾಲ್ಕು ವರ್ಕರ್ ಒಟ್ಟಿಗೆ ನುಗ್ಗಿದರೂ ಒಬ್ಬನಿಗೆ ಮಾತ್ರ ಸಾಲು ಸೇರಿಸಲು ಆಗುತ್ತದೆ. ಉಳಿದ ಮೂವರಿಗೆ ಇಂಟೆಗ್ರಿಟಿ ಎರರ್ ಬರುತ್ತದೆ, ಅವರು ಮುಂದಿನವರ ಕಡೆ ಹೋಗುತ್ತಾರೆ.

"ಸಾಲು ಸೇರಿಸಿದ ಮೇಲೆ, ಮೇಲ್ ಕಳಿಸುವ ಮೊದಲು ಕರೆಂಟ್ ಹೋದರೆ?" ಅಂತ ಕೇಳುತ್ತೀರಿ ಅಲ್ವಾ? ಆ ಒಬ್ಬರಿಗೆ ಮೇಲ್ ಹೋಗುವುದಿಲ್ಲ. ಉಲ್ಟಾ ಮಾಡಿ, ಮೊದಲು ಕಳಿಸಿ ಆಮೇಲೆ ಬರೆದರೆ, ಒಬ್ಬರಿಗೆ ಎರಡು ಹೋಗಬಹುದು. ಈ ಸಂದಿಯನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ, ಯಾಕೆಂದರೆ ಮೇಲ್ ಸರ್ವರ್ ನಿಮ್ಮ ಡೇಟಾಬೇಸ್ ಟ್ರಾನ್ಸಾಕ್ಷನ್‌ನ (ಆದರೆ ಎಲ್ಲವೂ ಆಗಬೇಕು, ಇಲ್ಲವಾದರೆ ಯಾವುದೂ ಆಗಬಾರದು ಅನ್ನುವ ಕಟ್ಟು) ಒಳಗಿಲ್ಲ. ನೀವೇ ಆರಿಸಬೇಕು: ತಪ್ಪಿದರೆ ತೊಂದರೆಯೋ, ಎರಡು ಸಲ ಹೋದರೆ ತೊಂದರೆಯೋ? ನೆನಪಿನ ಮೇಲ್‌ಗೆ "ಕಳಿಸುತ್ತಿದೆ", "ಕಳಿಸಿತು" ಅಂತ ಎರಡು ಸ್ಥಿತಿ ಇಟ್ಟು, ಮೊದಲನೆಯದರಲ್ಲೇ ಅರ್ಧ ಗಂಟೆಗಿಂತ ಜಾಸ್ತಿ ಸಿಕ್ಕಿಕೊಂಡ ಸಾಲುಗಳನ್ನು ಮತ್ತೆ ತೆಗೆದುಕೊಂಡರೆ ಸಾಕು. ದುಡ್ಡು ಕಡಿತ ಮಾಡುವ ಕೆಲಸವಾದರೆ ಇಷ್ಟು ಸಾಲದು. ಅಲ್ಲಿ ಪೇಮೆಂಟ್ ಸೇವೆಗೇ ಒಂದು ಗುರುತಿನ ಕೀ ಕೊಟ್ಟು, ಅದೇ ಕೀ ಎರಡನೇ ಸಲ ಬಂದರೆ ಅವರೇ ತಡೆಯುವ ಹಾಗೆ ಮಾಡಬೇಕು.

ನಾನು ಇದನ್ನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಹಿಂದೊಮ್ಮೆ ಇಡೀ ಲೂಪನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಹಾಕಿದ್ದೆ, ಅಚ್ಚುಕಟ್ಟಾಗಿರಲಿ ಅಂತ. ಸುಮಾರು 300 ಮೇಲ್ ಹೋದ ಮೇಲೆ ಒಂದು ಕೆಟ್ಟ ವಿಳಾಸ ಸಿಕ್ಕಿತು, ಎಕ್ಸೆಪ್ಷನ್ ಬಂತು, ಟ್ರಾನ್ಸಾಕ್ಷನ್ ಹಿಂದಕ್ಕೆ ಹೋಯಿತು. "ಕಳಿಸಿತು" ಅಂತ ಬರೆದ ಗುರುತೆಲ್ಲ ಅಳಿಸಿಹೋಯಿತು. ಹೋದ ಮೇಲ್ ಮಾತ್ರ ವಾಪಸ್ ಬರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಓಡುವ ಕೆಲಸ ಅದು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಅದೇ 300 ಜನಕ್ಕೆ ಐದು ಸಲ ಹೋಗಿತ್ತು. ಒಬ್ಬೊಬ್ಬರದನ್ನೂ ಬೇರೆಯಾಗಿ ಕಮಿಟ್ ಮಾಡಿ (ಡೇಟಾಬೇಸ್‌ನಲ್ಲಿ ಖಾಯಂ ಮಾಡಿ), ಒಬ್ಬರ ಎರರ್ ಅನ್ನು ಅಲ್ಲೇ ಹಿಡಿದು ಬರೆದಿಟ್ಟು ಮುಂದೆ ಹೋಗಿ.

ಕೆಲಸಗಳನ್ನು ಕ್ಯೂನಲ್ಲಿಟ್ಟು ಹಿನ್ನೆಲೆಯಲ್ಲಿ ಓಡಿಸುವ ಸೆಲೆರಿ ಬೇಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ದಿನಕ್ಕೆ ಒಂದೆರಡು ಕೆಲಸಕ್ಕೆ ಬೇಡ. ಹತ್ತಾರು ಬಗೆಯ ಕೆಲಸ, ಸೋತರೆ ಮತ್ತೆ ಪ್ರಯತ್ನ, ಹಲವು ಮೆಷಿನ್ ಅಂತಾದರೆ ಬೇಕು. ಆಗಲೂ ಗಂಟೆ ಬಾರಿಸುವ ಸೆಲೆರಿ ಬೀಟ್ ಒಂದೇ ಓಡಬೇಕು, ಎರಡು ಓಡಿಸಿದರೆ ನಿಮ್ಮ ಈಗಿನ ಕಥೆಯೇ ಮತ್ತೆ. ಬೀಟ್ ಕೆಲಸ ಮಾಡುವುದಿಲ್ಲ, ಕ್ಯೂಗೆ ಚೀಟಿ ಹಾಕುತ್ತದೆ ಅಷ್ಟೇ. ವರ್ಕರ್‌ಗಳು ರಾತ್ರಿಯಿಡೀ ನಿಂತಿದ್ದರೂ ಅದು ಚೀಟಿ ಹಾಕುತ್ತಲೇ ಇರುತ್ತದೆ, ಬೆಳಿಗ್ಗೆ ಅಷ್ಟೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಚೀಟಿಗೆ ಎಕ್ಸ್‌ಪೈರ್ಸ್ (ಇಷ್ಟು ಹೊತ್ತಿನ ಮೇಲೆ ಬೇಡ ಅನ್ನುವ ಗಡುವು) ಹಾಕುವುದನ್ನು ಮರೆಯಬೇಡಿ. ಚೀಟಿ ಇಟ್ಟುಕೊಳ್ಳುವ ಬ್ರೋಕರ್ ರೆಡಿಸ್ ಆಗಿದ್ದರೆ ಇನ್ನೊಂದು ವಿಷಯ: ಒಪ್ಪಿಗೆ ಬರದ ಚೀಟಿಯನ್ನು ಅದು 1 ಗಂಟೆ ಆದಮೇಲೆ ಬೇರೆ ವರ್ಕರ್‌ಗೆ ಕೊಡುತ್ತದೆ. "ಮೂರು ಗಂಟೆ ಬಿಟ್ಟು ಮಾಡು" ಅಂತ ಕೊಟ್ಟ ಕೆಲಸ ಎರಡು ಮೂರು ಸಲ ಆಗುವುದು ಹೀಗೆ.

ಜಾಂಗೋ 6.0ರಲ್ಲಿ ಟಾಸ್ಕ್ಸ್ ಅನ್ನೋ ಸೌಲಭ್ಯ ಬಂದಿದೆಯಲ್ಲ ಅನ್ನಬಹುದು. ಅದು ಕೆಲಸವನ್ನು ಕ್ಯೂಗೆ ಹಾಕುವ ಒಂದು ಸಮಾನ ದಾರಿ ಮಾತ್ರ. ಓಡಿಸುವ ವರ್ಕರ್ ಅದರ ಜೊತೆ ಬರುವುದಿಲ್ಲ, ದಿನಾ 6ಕ್ಕೆ ಎಬ್ಬಿಸುವವನೂ ಬರುವುದಿಲ್ಲ.

ಸಮಯದ ಬಗ್ಗೆ ಒಂದು ಮಾತು. ಗಡಿಯಾರವನ್ನು ವರ್ಷಕ್ಕೆರಡು ಸಲ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ರಾತ್ರಿ ಎರಡೂವರೆ ಕೆಲವು ದಿನ ಬರುವುದೇ ಇಲ್ಲ, ಕೆಲವು ದಿನ ಎರಡು ಸಲ ಬರುತ್ತದೆ. ಸರ್ವರ್ ಹಾಗೆ ಹಿಂದೆ ಮುಂದೆ ಆಗದ ಯುಟಿಸಿ ಸಮಯದಲ್ಲಿರಲಿ.

ಕೊನೆಗೆ ನಿಮ್ಮ ಆ್ಯಪ್‌ಗೆ ಬರೋಣ. ರೆಡಿ ಮೆಥಡ್‌ನಿಂದ ಶೆಡ್ಯೂಲರ್ ತೆಗೆಯಿರಿ, ಕಮಾಂಡ್ ಬರೆಯಿರಿ, ಟೇಬಲ್ ಮಾಡಿ, ಕ್ರಾನ್‌ಗೆ ಒಂದು ಸಾಲು ಸೇರಿಸಿ. ಕೆಲಸ ಸರಿಯಾಗಿ ಮುಗಿದ ಹೊತ್ತನ್ನು ಪ್ರತಿ ಸಲ ಎಲ್ಲಾದರೂ ಬರೆದಿಡಿ. ಅದು ಒಂದು ದಿನಕ್ಕಿಂತ ಹಳೆಯದಾದರೆ ನಿಮಗೆ ಸುದ್ದಿ ಬರಲಿ, ಅದನ್ನು ನೋಡುವ ಕೆಲಸ ಬೇರೆ ಮೆಷಿನ್‌ನಲ್ಲಿರಲಿ. ಇಷ್ಟೆಲ್ಲ ಆದಮೇಲೆ ಓಡಿಸುವ ಮೊದಲು ಒಂದು ನಿಮಿಷ ನಿಲ್ಲಿ. ಹೊಸ ಟೇಬಲ್ ಖಾಲಿ ಇದೆ. ಅದರ ಲೆಕ್ಕದಲ್ಲಿ ಇಲ್ಲಿಯವರೆಗೆ ಯಾರಿಗೂ ಮೇಲ್ ಹೋಗಿಲ್ಲ. ಈಗಾಗಲೇ ಕಳಿಸಿರುವವರ ಸಾಲುಗಳನ್ನು ಒಂದು ಡೇಟಾ ಮೈಗ್ರೇಷನ್‌ನಲ್ಲಿ (ಡೇಟಾಬೇಸ್‌ನ ಸಾಲುಗಳನ್ನು ಬದಲಿಸುವ ಸ್ಕ್ರಿಪ್ಟ್) ತುಂಬಿಸಿ. ಇಲ್ಲದಿದ್ದರೆ ನಾಲ್ಕು ಮೇಲ್ ತಿಂದವರಿಗೆ ಐದನೆಯದೂ ಹೋಗುತ್ತದೆ.