ಕೌಂಟ್ ಇಳಿದರೆ ಮೊದಲು ಬ್ಯಾರೋಮೀಟರ್ ನೋಡಿ

ಕಾಸ್ಮಿಕ್ ಕಿರಣಗಳ ಲೆಕ್ಕ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಜಗತ್ತಿನ ಹತ್ತಾರು ನ್ಯೂಟ್ರಾನ್ ಮಾನಿಟರ್‌ಗಳು ತಮ್ಮ ಕೌಂಟನ್ನು ಆಗಿಂದಾಗ್ಗೆ ಇಂಟರ್ನೆಟ್‌ಗೆ ಹಾಕುತ್ತಲೇ ಇರುತ್ತವೆ. ಹಾಗಾಗಿ ಒಂದು ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ: "ನಿನ್ನೆಯಿಂದ ಗ್ರಾಫ್ ಕೆಳಗೆ ಬಂದಿದೆ, ಸೂರ್ಯನಲ್ಲಿ ಏನಾದರೂ ಆಗಿದೆಯಾ?"

ಆಗಿರಬಹುದು. ಆದರೆ ಆ ಸ್ಟೇಷನ್ ಇರುವ ಕಡೆ ಗಾಳಿಯ ಒತ್ತಡ ಹೆಚ್ಚಾಗಿದ್ದರೂ ಗ್ರಾಫ್ ಹೀಗೇ ಇಳಿಯುತ್ತದೆ.

ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಬಹುಪಾಲು ಪ್ರೋಟಾನ್‌ಗಳು. ಅವು ನೆಲಕ್ಕೆ ಬಂದು ಮುಟ್ಟುವುದು ತೀರಾ ಅಪರೂಪ. ಎತ್ತರದಲ್ಲೇ ಸಾರಜನಕ, ಆಮ್ಲಜನಕದ ನ್ಯೂಕ್ಲಿಯಸ್‌ಗಳಿಗೆ ಬಡಿದು ಚೂರಾಗುತ್ತವೆ. ಆ ಚೂರುಗಳು ಮತ್ತೆ ಬಡಿಯುತ್ತವೆ, ಮತ್ತಷ್ಟು ಚೂರುಗಳಾಗುತ್ತವೆ. ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ಈ ಗಲಾಟೆ ಅತಿ ಜಾಸ್ತಿ. ಅಲ್ಲಿಂದ ಕೆಳಗೆ ಎಲ್ಲವೂ ಕರಗುತ್ತಾ ಬರುತ್ತದೆ. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ನಿಂತಿರುವ ಗಾಳಿಯ ತೂಕ ಹತ್ತಿರ ಹತ್ತಿರ ಒಂದು ಕಿಲೋ. ತೂಕದ ಲೆಕ್ಕದಲ್ಲಿ 10 ಮೀಟರ್ ನೀರಿನ ಕೆಳಗೆ ಡಿಟೆಕ್ಟರ್ ಇಟ್ಟ ಹಾಗೇ ಆಯಿತು.

ನ್ಯೂಟ್ರಾನ್ ಮಾನಿಟರ್ 1948ರಲ್ಲಿ ಜಾನ್ ಸಿಂಪ್ಸನ್ ರೂಪಿಸಿದ ಉಪಕರಣ. ಕೌಂಟರ್ ಕೊಳವೆಗಳ ಸುತ್ತ ಸೀಸ ಇರುತ್ತದೆ. ಮೇಲಿಂದ ಬಂದ ಕಣ ಸೀಸಕ್ಕೆ ಬಡಿದರೆ ಹಲವು ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಪ್ಯಾರಾಫಿನ್ ಅಥವಾ ಪಾಲಿಥಿನ್ ಅವುಗಳ ವೇಗ ತಗ್ಗಿಸುತ್ತದೆ, ಕೊಳವೆ ಹಿಡಿದು ಎಣಿಸುತ್ತದೆ. ಅಷ್ಟೇ. ಇದರ ಮೂಲ ವಿನ್ಯಾಸ ಅಷ್ಟೇನೂ ಬದಲಾಗಿಲ್ಲ, ಬದಲಾಗಬೇಕಾದ ಕಾರಣವೂ ನನಗೆ ಕಾಣುವುದಿಲ್ಲ.

ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಏರಿದರೆ ಇದರ ಕೌಂಟ್ ಸುಮಾರು 0.7 ಪರ್ಸೆಂಟ್ ಇಳಿಯುತ್ತದೆ. ವಾಯುಭಾರ ಕುಸಿತವೊಂದು ಬಂದು ಒತ್ತಡ 20 ಹೆಕ್ಟೋಪ್ಯಾಸ್ಕಲ್ ಬಿದ್ದರೆ ಕೌಂಟ್ 15 ಪರ್ಸೆಂಟ್ ಏರುತ್ತದೆ. ಸೂರ್ಯನ ಕಾರಣದಿಂದ ಆಗುವ ಇಳಿತಗಳು ಹೆಚ್ಚಿನ ಸಲ ಕೆಲವೇ ಪರ್ಸೆಂಟ್. ಅಂದರೆ ಹವಾಮಾನದ ಸದ್ದು ನಾವು ಹುಡುಕುವ ಸುದ್ದಿಗಿಂತ ದೊಡ್ಡದು. ಅದಕ್ಕೇ ಡೇಟಾದಲ್ಲಿ ಒತ್ತಡ ಸರಿಪಡಿಸಿದ ಕೌಂಟ್ ಬೇರೆ, ಸರಿಪಡಿಸದ ಕೌಂಟ್ ಬೇರೆ ಇರುತ್ತದೆ. ಗ್ರಾಫ್ ಹಾಕುವ ಮುಂಚೆ ಯಾವುದನ್ನು ತೆಗೆದುಕೊಂಡಿದ್ದೀರಿ ಅಂತ ಒಮ್ಮೆ ನೋಡಿ.

ಸರಿಪಡಿಸುವಿಕೆಯೂ ಬ್ಯಾರೋಮೀಟರ್ ಎಷ್ಟು ಸರಿಯೋ ಅಷ್ಟೇ ಸರಿ. ಅದು ಒಂದು ಹೆಕ್ಟೋಪ್ಯಾಸ್ಕಲ್ ತಪ್ಪು ತೋರಿಸಿದರೆ 0.7 ಪರ್ಸೆಂಟ್‌ನ ಸುಳ್ಳು ಬದಲಾವಣೆ ಹುಟ್ಟುತ್ತದೆ. ಗುಡ್ಡದ ಮೇಲಿನ ಸ್ಟೇಷನ್‌ಗಳಲ್ಲಿ ಇನ್ನೊಂದು ತೊಂದರೆ. ಜೋರಾಗಿ ಗಾಳಿ ಬೀಸಿದಾಗ ಬ್ಯಾರೋಮೀಟರ್ ನಿಜವಾದ ಒತ್ತಡಕ್ಕಿಂತ ಕಡಿಮೆ ತೋರಿಸಬಹುದು. ಡಿಟೆಕ್ಟರ್‌ಗೆ ದುಡ್ಡು ಸುರಿದು ಬ್ಯಾರೋಮೀಟರ್‌ನಲ್ಲಿ ಉಳಿಸಲು ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಉಳಿಸುವುದಾದರೆ ಬೇರೆಲ್ಲಾದರೂ ಉಳಿಸಿ.

ಹಿಮವೂ ಕಾಟ ಕೊಡುತ್ತದೆ. ಛಾವಣಿಯ ಮೇಲೆ ಹಿಮ ಕೂತರೆ ಕೌಂಟ್ ಇಳಿಯುತ್ತದೆ, ಯಾಕೆಂದರೆ ನೀರಿನಲ್ಲಿರುವ ಹೈಡ್ರೋಜನ್ ನ್ಯೂಟ್ರಾನ್‌ಗಳನ್ನು ಚೆನ್ನಾಗಿ ತಡೆಯುತ್ತದೆ. ನಮಗೆ ತಲೆನೋವಾದ ಈ ಗುಣವನ್ನೇ ಬಳಸಿಕೊಂಡು ಮಣ್ಣಿನ ತೇವಾಂಶ ಅಳೆಯುವವರೂ ಇದ್ದಾರೆ. ನೆಲದ ಹತ್ತಿರ ಓಡಾಡುವ ಕಾಸ್ಮಿಕ್ ನ್ಯೂಟ್ರಾನ್ ಕಡಿಮೆಯಾದರೆ ಮಣ್ಣು ಒದ್ದೆಯಾಗಿದೆ ಅಂತ ಅರ್ಥ. ಒಳ್ಳೆಯ ಉಪಾಯ, ಅಲ್ವಾ?

ಆ ಚೂರುಗಳಲ್ಲೇ ಒಂದು ಬಗೆಯ ಕಣವಾದ ಮ್ಯೂಆನ್ ಎಣಿಸುವವರ ಕಥೆ ಇನ್ನೂ ಸ್ವಾರಸ್ಯಕರ. ಒತ್ತಡದ ಪರಿಣಾಮ ಅವರಿಗೆ ಕಡಿಮೆ, ಆದರೆ ತಾಪಮಾನ ಕಾಡುತ್ತದೆ. ಬಿಸಿಯಾದರೆ ವಾತಾವರಣ ಮೇಲಕ್ಕೆ ಹಿಗ್ಗುತ್ತದೆ, ಮ್ಯೂಆನ್ ಹುಟ್ಟುವ ಜಾಗವೂ ಮೇಲೇರುತ್ತದೆ. ಮ್ಯೂಆನ್‌ನ ಆಯುಷ್ಯ 2.2 ಮೈಕ್ರೋಸೆಕೆಂಡ್ ಮಾತ್ರ. ಬೆಳಕಿನ ವೇಗದ ಸಮೀಪ ಓಡುವುದರಿಂದ ನಮ್ಮ ಗಡಿಯಾರದ ಪ್ರಕಾರ ಅದು ಹಿಗ್ಗುತ್ತದೆ, ನಿಜ. ಆದರೂ ದಾರಿ ಉದ್ದವಾದಷ್ಟೂ ನಡುವೆ ಅಳಿಯುವ ಮ್ಯೂಆನ್‌ಗಳು ಜಾಸ್ತಿ. ಹಾಗಾಗಿ ನೆಲದ ಮೇಲಿನ ಡಿಟೆಕ್ಟರ್‌ನಲ್ಲಿ ಬೇಸಿಗೆಯಲ್ಲಿ ಕೌಂಟ್ ಕಡಿಮೆ. ಅದೇ ನೆಲದಾಳದ ಗಣಿಯೊಳಗೆ ಬೇಸಿಗೆಯಲ್ಲಿ ಕೌಂಟ್ ಜಾಸ್ತಿ! ಅಷ್ಟು ಆಳಕ್ಕೆ ಇಳಿಯುವುದು ಬಹಳ ಶಕ್ತಿಯ ಮ್ಯೂಆನ್‌ಗಳು ಮಾತ್ರ. ಅವು ಹುಟ್ಟುವುದು ಪಯಾನ್ ಎಂಬ ಕಣಗಳಿಂದ. ಗಾಳಿ ತೆಳುವಾದಾಗ ಪಯಾನ್ ಇನ್ನೊಂದಕ್ಕೆ ಬಡಿಯುವ ಮೊದಲೇ ಮ್ಯೂಆನ್ ಆಗುವ ಸಾಧ್ಯತೆ ಹೆಚ್ಚು. ಮ್ಯೂಆನ್ ಕೌಂಟಿಗೂ ಹವಾಮಾನಕ್ಕೂ ನಂಟು ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ತಾಪಮಾನದ ಪಾಲನ್ನು ಕಳೆದಿದ್ದೀರಾ ಅಂತ. ಇಲ್ಲದಿದ್ದರೆ ಹವಾಮಾನವನ್ನು ಹವಾಮಾನದ ಜೊತೆಗೇ ಹೋಲಿಸಿದಂತಾಯಿತು.

ಇದು ಭೂಮಿಯ ಕಥೆ ಮಾತ್ರವೂ ಅಲ್ಲ. ಮಂಗಳನ ವಾತಾವರಣದ ಒತ್ತಡ ನಮ್ಮದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿ ಕ್ಯೂರಿಯಾಸಿಟಿ ರೋವರ್ ಇಳಿದ ಮೊದಲ ವರ್ಷದಲ್ಲಿ ಅಳೆದ ವಿಕಿರಣ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್. ನಮ್ಮ ಸಮುದ್ರ ಮಟ್ಟದಲ್ಲಿ ಕಾಸ್ಮಿಕ್ ಕಿರಣಗಳಿಂದ ಅಷ್ಟು ಸಿಗಬೇಕಾದರೆ ಸುಮಾರು ಎರಡು ವರ್ಷ ಬೇಕು. ಅಷ್ಟು ತೆಳು ಗಾಳಿಯಲ್ಲೂ ಒತ್ತಡದ ಆಟ ತಪ್ಪಿದ್ದಲ್ಲ. ರೋವರ್ ಇಳಿದ ಗೇಲ್ ಕುಳಿಯಲ್ಲಿ ಬಿಸಿಲೇರಿ ಇಳಿದಂತೆ ಒತ್ತಡ ದಿನವೂ ಏರಿಳಿಯುತ್ತದೆ. ಒತ್ತಡ ಹೆಚ್ಚಿದಾಗ ವಿಕಿರಣ ಕಡಿಮೆ, ತಗ್ಗಿದಾಗ ಜಾಸ್ತಿ. ಶುಕ್ರನಲ್ಲಿ ಇದರ ಇನ್ನೊಂದು ತುದಿ. ಅಲ್ಲಿ ಕಾಸ್ಮಿಕ್ ಕಿರಣಗಳ ಹೆಚ್ಚಿನ ಕೆಲಸ 60 ಕಿಲೋಮೀಟರ್‌ಗೂ ಮೇಲೆಯೇ ಮುಗಿದಿರುತ್ತದೆ.

ಗಾಳಿಯ ಪಾಲು ಕಳೆದ ಮೇಲೆ ಸೂರ್ಯನ ಪಾಲು ಕಾಣುತ್ತದೆ. ಸೌರ ಮಾರುತ ಎಂದರೆ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ಹರಿಯುವ ಪ್ಲಾಸ್ಮಾ, ಅಂದರೆ ವಿದ್ಯುದಾವೇಶವಿರುವ ಕಣಗಳ ಅನಿಲ. ಭೂಮಿಯ ಹತ್ತಿರ ಒಂದು ಘನ ಸೆಂಟಿಮೀಟರ್‌ನಲ್ಲಿ ಹತ್ತು ಪ್ರೋಟಾನ್ ಕೂಡ ಇರುವುದು ಕಷ್ಟ, ಅಷ್ಟು ವಿರಳ. ಆದರೆ ಅದು ತನ್ನ ಜೊತೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಸೂರ್ಯನಿಂದ ಸಿಡಿದ ದೊಡ್ಡ ಪ್ಲಾಸ್ಮಾ ಮೋಡ ಭೂಮಿಯನ್ನು ದಾಟುವಾಗ ಆ ಕಾಂತಕ್ಷೇತ್ರವೇ ಕಾಸ್ಮಿಕ್ ಕಿರಣಗಳನ್ನು ಪರದೆಯಂತೆ ತಡೆಯುತ್ತದೆ. ಕೌಂಟ್ ಕೆಲವು ಗಂಟೆಗಳಲ್ಲಿ ಧುಪ್ಪನೆ ಬಿದ್ದು, ಮೇಲೇಳಲು ಹಲವು ದಿನ ತೆಗೆದುಕೊಳ್ಳುತ್ತದೆ. 1937ರಲ್ಲಿ ಸ್ಕಾಟ್ ಫೋರ್ಬುಶ್ ಇದನ್ನು ಗುರುತಿಸಿದ್ದರಿಂದ ಇದಕ್ಕೆ ಫೋರ್ಬುಶ್ ಇಳಿತ ಎನ್ನುತ್ತೇವೆ.

ಗುರುತಿಸಲು ಸುಲಭ ದಾರಿ, ದೂರ ದೂರದ ಮೂರು ನಾಲ್ಕು ಸ್ಟೇಷನ್‌ಗಳ ಗ್ರಾಫ್‌ಗಳನ್ನು ಒಂದರ ಕೆಳಗೊಂದು ಇಡುವುದು. ಮಳೆ ಮೋಡ ಬಂದಿದ್ದರೆ ಒಂದೇ ಕಡೆ ಕಾಣುತ್ತದೆ. ಪ್ಲಾಸ್ಮಾ ಮೋಡವಾದರೆ ಎಲ್ಲ ಕಡೆ. 2024ರ ಮೇ 10ರಿಂದ ಶುರುವಾದ ಇಳಿತವನ್ನು ಹೀಗೆ ಜೋಡಿಸಿ ನೋಡಿ. ಮೇ 11ರ ಬೆಳಗಿನ ಜಾವ, ಇಳಿತ ಇನ್ನೂ ಇರುವಾಗಲೇ, ಧ್ರುವಗಳ ಸಮೀಪದ ಸ್ಟೇಷನ್‌ಗಳಲ್ಲಿ ಒಂದು ಪುಟ್ಟ ಏರಿಕೆ ಕಾಣುತ್ತದೆ. ಅದು ಸೂರ್ಯನಿಂದಲೇ ಬಂದ ಕಣಗಳದ್ದು. ಸಮಭಾಜಕದ ಹತ್ತಿರದ ಸ್ಟೇಷನ್‌ಗಳಲ್ಲಿ ಅದನ್ನು ಹುಡುಕಬೇಡಿ. ಅಷ್ಟು ಕಡಿಮೆ ಶಕ್ತಿಯ ಕಣಗಳನ್ನು ಅಲ್ಲಿ ಭೂಮಿಯ ಕಾಂತಕ್ಷೇತ್ರ ಒಳಗೇ ಬಿಡುವುದಿಲ್ಲ.