ಗಂಟು ಬಿಚ್ಚುವ ಮೊದಲು

ಗದಗ ಜಿಲ್ಲೆಯ ಮುಂಡರಗಿ ಕಡೆಯ ಹಳ್ಳಿಯೊಂದರಿಂದ ತೊಗಲುಗೊಂಬೆಗಳ ಗಂಟು ಧಾರವಾಡದ ನನ್ನ ಕೆಲಸದ ಕೋಣೆಗೆ ಬಂದದ್ದು ಮೂರು ವರ್ಷದ ಹಿಂದಿನ ಆಷಾಢದಲ್ಲಿ. ಹೊರಗೆ ಜಿಟಿಜಿಟಿ ಮಳೆ. ಕೌದಿಯಲ್ಲಿ ಸುತ್ತಿ, ಹಳೆಯ ಧೋತರದ ಅಂಚಿನಿಂದ ಬಿಗಿದು ಕಟ್ಟಿದ್ದ ಗಂಟದು. ಜೊತೆಯಲ್ಲಿ ಅದರ ಒಡತಿಯೂ ಬಂದಿದ್ದರು. ಎಪ್ಪತ್ತು ದಾಟಿದ ಹಾಡುಗಾರ್ತಿ. ಗೊಂಬೆಯಾಟಕ್ಕೆ ನೆರವಾಗಬೇಕೆಂದು ಹುಬ್ಬಳ್ಳಿಯಲ್ಲಿ ಆಗಷ್ಟೇ ಕಟ್ಟಿಕೊಂಡಿದ್ದ ಸಣ್ಣ ಟ್ರಸ್ಟೊಂದರ ಹುಡುಗರು ಅವರನ್ನು ಕರೆತಂದಿದ್ದರು. ಹುಡುಗರು ಹುರುಪಿನಿಂದ ಗಂಟು ಬಿಚ್ಚಿದರು. ನಾನೂ ತಡೆಯಲಿಲ್ಲ. ಒಂದು ತಾಸಿನೊಳಗೆ ನೂರಕ್ಕೂ ಹೆಚ್ಚು ಗೊಂಬೆಗಳು ಮೇಜು, ಮಂಚ, ನೆಲದ ಮೇಲೆಲ್ಲ ಹರಡಿಕೊಂಡವು. ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ, ಹರಿದವು ಮತ್ತೊಂದು ಕಡೆ. ಅಳತೆ, ಫೋಟೊ, ಅಂಕಿ ಬರೆದ ಚೀಟಿ. ಸಂಜೆ ಕೆಲಸ ಮುಗಿಯಿತೆಂದು ನಾವು ಕೈ ತೊಳೆದುಕೊಂಡಾಗ ಆ ಅವ್ವ ಕೇಳಿದರು: “ತಮ್ಮಾ, ಇನ್ನು ನಾನು ಎಲ್ಲಿಂದ ಹಾಡಲಿ?”

ಗೊಂಬೆಗಳು ಆ ಗಂಟಿನೊಳಗೆ ಆಟದ ಸರದಿಯಲ್ಲಿ ಕುಳಿತಿದ್ದವು. ಮೇಲೆ ಗಣಪತಿ, ಅವನ ಕೆಳಗೆ ಶಾರದೆ, ಆಮೇಲೆ ಜನರನ್ನು ನಗಿಸುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ, ಅಲ್ಲಿಂದ ಮುಂದೆ ರಾಮಾಯಣ. ದೀಪದ ಬೆಳಕಿನಲ್ಲಿ ಪರದೆಯ ಮೇಲೆ ಆಡಿಸುವ ತೊಗಲುಗೊಂಬೆಯಾಟದಲ್ಲಿ ಒಂದು ಪಾತ್ರಕ್ಕೆ ಒಂದೇ ಗೊಂಬೆ ಇರುವುದಿಲ್ಲ. ಸಿಂಹಾಸನದಲ್ಲಿ ಕುಳಿತ ರಾವಣ ಬೇರೆ, ಯುದ್ಧಕ್ಕೆ ನಿಂತ ರಾವಣ ಬೇರೆ. ಅಶೋಕವನದ ಸೀತೆ ಮರ, ಕಾವಲಿನ ರಾಕ್ಷಸಿಯರ ಸಮೇತ ಒಂದೇ ತೊಗಲಿನಲ್ಲಿ ಕೆತ್ತಿದ ಇಡೀ ದೃಶ್ಯವಾಗಿರುತ್ತಾಳೆ. ಹೀಗಾಗಿ ಯಾವುದರ ಕೆಳಗೆ ಯಾವುದಿದೆ ಎಂಬುದರಲ್ಲೇ ಕಥೆ ಅಡಗಿರುತ್ತದೆ. ಓದುಬರಹ ಬಾರದ ಆ ಹಾಡುಗಾರ್ತಿಗೆ ಗಂಟೇ ಪುಸ್ತಕ. ನಾವು ಅದರ ಹಾಳೆಗಳನ್ನೆಲ್ಲ ಕಿತ್ತು ಅಳತೆಯ ಪ್ರಕಾರ ಪೇರಿಸಿಟ್ಟಿದ್ದೆವು. ಮತ್ತೆ ಸರದಿಗೆ ತರಲು ನಾಲ್ಕು ದಿನ ಹಿಡಿಯಿತು. ಅವರು ಮೊದಲಿನಿಂದ ಹಾಡುತ್ತಾ ಹೋದರು, ಪದ ನಿಂತಲ್ಲಿ ಕೈ ಚಾಚಿದರು, ನಾವು ಹುಡುಕಿ ಕೊಟ್ಟೆವು. ಏಳು ಗೊಂಬೆಗಳಿಗೆ ಇಂದಿಗೂ ಜಾಗ ಸಿಕ್ಕಿಲ್ಲ. ಅದಕ್ಕೆ ನಾನೇ ಹೊಣೆ. ಹಳೆಯ ವಸ್ತುಗಳನ್ನು ಕಾಪಾಡುವ ಕಸುಬು ಕಲಿತವನು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

ಗೊಂಬೆಯಾಟವನ್ನು ಉಳಿಸಲು ಹೊರಟ ಸಂಘ ಸಂಸ್ಥೆಗಳವರು ಸಲಹೆ ಕೇಳಲು ಬಂದಾಗಲೆಲ್ಲ ನಾನು ಈ ಏಳು ಗೊಂಬೆಗಳ ಮಾತಿನಿಂದಲೇ ಶುರು ಮಾಡುತ್ತೇನೆ. ಕಾಪಾಡಬೇಕಾದದ್ದು ಇಡೀ ಗಂಟನ್ನು, ಅದನ್ನು ಬಿಚ್ಚಿ ಹಾಡಬಲ್ಲ ಬಾಯಿಯ ಸಮೇತ. ಬಿಡಿ ಗೊಂಬೆ ಎಷ್ಟೇ ಚೆಂದವಿದ್ದರೂ ಅದು ಒಂದು ಹಾಳೆ ಮಾತ್ರ.

ನಮ್ಮ ನಾಡಿನಲ್ಲಿ ಗೊಂಬೆಯಾಟಕ್ಕೆ ದುಡಿದವರು ಕಡಿಮೆಯೇನಲ್ಲ. ಕರಾವಳಿಯ ಉಪ್ಪಿನಕುದ್ರುವಿನಲ್ಲಿ ಕಾಮತ್ ಮನೆತನ ಯಕ್ಷಗಾನದ ಸೂತ್ರದ ಗೊಂಬೆಗಳನ್ನು ತಲೆಮಾರುಗಳಿಂದ ಆಡಿಸುತ್ತಾ ಬಂದಿದೆ. ಬೆಂಗಳೂರಿನಲ್ಲಿ ‘ಧಾತು’ ಸಂಸ್ಥೆ 2004ರಿಂದ ಕೆಲಸ ಮಾಡುತ್ತಿದೆ. ಅಲ್ಲಿಯೇ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರು ಕೂಡಿಸಿದ ತೊಗಲುಗೊಂಬೆಗಳ ದೊಡ್ಡ ಸಂಗ್ರಹವಿದೆ. ಧಾರವಾಡದ ‘ಗೊಂಬೆಮನೆ’ ಗೊಂಬೆಯನ್ನು ಮಕ್ಕಳ ಕೈಗೆ ಕೊಟ್ಟಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯ ಪರದೆಯ ಮೇಲೆ ಗಾಂಧೀಜಿಯನ್ನು ತಂದರು. ಗದಗಿನ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಇಡೀ ಉತ್ತರ ಕರ್ನಾಟಕ ಹಿಗ್ಗಿತು. ಆದರೆ ಆ ಸುದ್ದಿಯ ನಂತರ ನನಗೆ ಬಂದ ಕರೆಗಳಲ್ಲಿ ಹೆಚ್ಚಿನವು “ಹಳೆಯ ಗೊಂಬೆ ಎಲ್ಲಿ ಸಿಗುತ್ತದೆ, ಗೋಡೆಗೆ ಹಾಕಬೇಕು” ಎಂದು ಕೇಳಿದವು. ಆಟ ಎಲ್ಲಿ ನೋಡಬಹುದು ಎಂದು ಕೇಳಿದವರು ಇಬ್ಬರೇ.

ತೊಗಲಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಳ್ಳೆಯ ಮನಸ್ಸಿನಿಂದಲೇ ಗೊಂಬೆ ಕೆಡಿಸಿದವರನ್ನು ನಾನು ಬಹಳ ಕಂಡಿದ್ದೇನೆ. ಚಪ್ಪಲಿ, ಚೀಲಕ್ಕೆ ಬಳಸುವ ಚರ್ಮವನ್ನು ತೊಗಟೆಯ ರಸದಲ್ಲೋ ರಾಸಾಯನಿಕದಲ್ಲೋ ಹದ ಮಾಡಿರುತ್ತಾರೆ. ಗೊಂಬೆಯ ತೊಗಲು ಹಾಗಲ್ಲ. ಹೆಚ್ಚಾಗಿ ಆಡಿನ ತೊಗಲು. ಕೂದಲು, ಮಾಂಸದ ಪದರ ತೆಗೆದು, ತೆಳ್ಳಗೆ ಹೆರೆದು, ಬಿಗಿದು ಕಟ್ಟಿ ಒಣಗಿಸಿದ್ದಷ್ಟೇ. ಬೆಳಕು ಹಾಯಬೇಕಲ್ಲ, ಅದಕ್ಕೆ. ಹದ ಮಾಡದ ಈ ತೊಗಲು ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗದಗ ಸೀಮೆಯ ಒಣಹವೆಯಲ್ಲಿ ಮಟ್ಟಸವಾಗಿದ್ದ ಗೊಂಬೆ ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಗಾಲಕ್ಕೆ ಬಂದರೆ ಎರಡೇ ದಿನದಲ್ಲಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅದನ್ನು ಬಿಸಿಲಿಗೆ ಹಾಕಿದರೆ ಮುಗಿಯಿತು. ಒದ್ದೆಯಾದ ತೊಗಲಿಗೆ ಕಾವು ತಾಗಿದರೆ ಸಂಕುಚಿಸುತ್ತದೆ, ಮತ್ತೆ ಹಿಗ್ಗುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಆಡಿಸಿ ನೆಟ್ಟಗೆ ಮಾಡಲು ಹೋದವರೊಬ್ಬರು ಲಕ್ಷ್ಮಣನ ಬಲಗೈಯನ್ನು ಮೊಣಕೈವರೆಗೆ ಮುದುಡಿಸಿ ತಂದಿದ್ದರು.

ಹಾಗಾಗಿ ನೀರು ಬೇಡ, ಸೋಪು ಬೇಡ. ಮೃದುವಾದ ಕುಂಚದಿಂದ ಧೂಳು ತೆಗೆದರೆ ಸಾಕು. ತೇವಾಂಶ ಶೇ 45ರಿಂದ 55ರೊಳಗೆ ಇರುವ ಕೋಣೆ ಒಳ್ಳೆಯದು. ಅಷ್ಟು ಕರಾರುವಾಕ್ಕಾಗಿ ಆಗದಿದ್ದರೂ ಏರಿಳಿತ ಕಡಿಮೆಯಿರಲಿ. ಲ್ಯಾಮಿನೇಶನ್ ಮಾಡಿಸಿದರೆ ತೊಗಲು ಉಸಿರುಗಟ್ಟಿ ಒಳಗೇ ಬೂಸ್ಟು ಹಿಡಿಯುತ್ತದೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಬಾರದು. ನುಸಿಗುಳಿಗೆ ಹಾಕುವ ರೂಢಿಯನ್ನೂ ಬಿಡಬೇಕು. ಅದರ ಹಬೆ ಮನುಷ್ಯರಿಗೂ ಒಳ್ಳೆಯದಲ್ಲ. ಹುಳು ಬಿದ್ದಿದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಡೀಪ್ ಫ್ರೀಜರಿನಲ್ಲಿ ಮೈನಸ್ 20 ಡಿಗ್ರಿಯಲ್ಲಿ ಎರಡು ವಾರ ಇಡುವುದು ನಮ್ಮ ಕ್ರಮ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಇನ್ನು ಬಣ್ಣ. ಪ್ರದರ್ಶನಕ್ಕಿಟ್ಟರೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಿರಲಿ. ದೀಪದ ಮುಂದೆ ಒಂದು ರಾತ್ರಿ ಆಡಿದ ಗೊಂಬೆಗೆ ಆಗುವ ಹಾನಿ, ವರ್ಷಗಟ್ಟಲೆ ಗಾಜಿನ ಪೆಟ್ಟಿಗೆಯ ಬಲ್ಬಿನ ಕೆಳಗೆ ನಿಂತ ಗೊಂಬೆಗೆ ಆಗುವ ಹಾನಿಯ ಮುಂದೆ ಏನೂ ಅಲ್ಲ.

ಅವ್ವನ ಗಂಟಿನ ಹನುಮಂತನನ್ನು ನಾನು ಭೂತಗನ್ನಡಿಯಲ್ಲಿ ಒಂದು ಇಡೀ ಬೆಳಗು ನೋಡಿದ್ದೇನೆ. ಲಂಕೆ ಸುಡುವ ಹನುಮಂತ. ಬಾಲದ ತುದಿಯ ಬೆಂಕಿಗೆ ಉಳಿಯಿಂದ ಕೊರೆದ ಸಣ್ಣ ಸಣ್ಣ ತೂತುಗಳು, ಕೆಲವು ದುಂಡಗೆ, ಕೆಲವು ಅಕ್ಕಿಕಾಳಿನ ಹಾಗೆ ಉದ್ದಕ್ಕೆ. ಪರದೆಯ ಮೇಲೆ ಗೊಂಬೆ ಅಲುಗಿದಾಗ ಕಿಡಿ ಸಿಡಿದಂತೆ ಕಾಣುವುದು ಈ ಎರಡು ಬಗೆಯ ತೂತುಗಳಿಂದ. ಸೊಂಟದ ಹತ್ತಿರ ತೊಗಲು ಹರಿದಿತ್ತು. ಅದಕ್ಕೆ ಇನ್ನೊಂದು ತೊಗಲಿನ ತೇಪೆ ಇಟ್ಟು, ಸೀರೆಯ ಅಂಚಿನಿಂದ ಎಳೆದ ಹಸಿರು ನೂಲಿನಲ್ಲಿ ಹೊಲಿದಿದ್ದರು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಬೆಳಕಿಗೆ ಹಿಡಿದಾಗ ಅದು ಕಚ್ಚೆಯ ಅಂಚಿನಂತೆಯೇ ಕಾಣುತ್ತಿತ್ತು. ಆ ತೇಪೆಯನ್ನು ಬಿಚ್ಚಿ “ಶಾಸ್ತ್ರೀಯವಾಗಿ” ಸರಿಪಡಿಸುವಿರಾ ಎಂದು ಟ್ರಸ್ಟಿನ ಹುಡುಗನೊಬ್ಬ ಕೇಳಿದ. ನಾನು ಮುಟ್ಟಲಿಲ್ಲ. ಅದು ಅವ್ವನ ಅತ್ತೆ ಹಾಕಿದ ಹೊಲಿಗೆ.

ಈಗ ಟ್ರಸ್ಟ್ ನಡೆಸುವವರಿಗೆ ನಾಲ್ಕು ಮಾತು. ನೋಂದಣಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ ಅನುಮೋದನೆ, ಕಂಪನಿಗಳ ಸಾಮಾಜಿಕ ನಿಧಿಗೆ ಬೇಕಾದ ಸಿಎಸ್ಆರ್-1 ಅರ್ಜಿ, ಇವನ್ನೆಲ್ಲ ಒಬ್ಬ ಒಳ್ಳೆಯ ಲೆಕ್ಕ ಪರಿಶೋಧಕರು ಮಾಡಿಕೊಡುತ್ತಾರೆ. ಸಾಂಪ್ರದಾಯಿಕ ಕಲೆಗೆ ಹಣ ಕೊಡಲು 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಅವಕಾಶವಿದೆ. ತೊಡಕು ಇರುವುದು ಬೇರೆ ಕಡೆ. ಹಣ ಕೊಟ್ಟವರಿಗೆ ಕಣ್ಣಿಗೆ ಕಾಣುವ ವಸ್ತು ಬೇಕು. ಗಾಜಿನ ಪೆಟ್ಟಿಗೆಗೆ ಹೆಸರಿನ ಫಲಕ ಹಾಕಬಹುದು, ಹಾಡುಗಾರ್ತಿಯ ಬಸ್ ಚಾರ್ಜಿಗೆ ಫಲಕ ಹಾಕಲಾಗದು. ಈ ಒತ್ತಡಕ್ಕೆ ಮಣಿದ ಸಂಸ್ಥೆಗಳು ಗೊಂಬೆ ಕೊಳ್ಳಲು ಹೊರಡುತ್ತವೆ. ಕಷ್ಟದಲ್ಲಿರುವ ಕುಟುಂಬ ಮೊದಲು ಮಾರುವುದು ಅತ್ಯಂತ ಚೆಂದದ ಗೊಂಬೆಯನ್ನು, ಅಂದರೆ ಆಟದ ನಡುಗಂಬವನ್ನು. ಅದು ಹೋದ ಮೇಲೆ ಉಳಿದದ್ದನ್ನು ಇಟ್ಟುಕೊಂಡು ಏನು ಆಡುವುದು? ಆಮೇಲೆ ಇಡೀ ಗಂಟು ಒಂದೊಂದಾಗಿ ಸೋರಿಹೋಗುತ್ತದೆ.

ನಮ್ಮ ಟ್ರಸ್ಟಿನವರು ನನ್ನ ಮಾತು ಕೇಳಿ ಬೇರೆ ದಾರಿ ಹಿಡಿದರು. ಒಡೆತನ ಕುಟುಂಬದ್ದೇ ಎಂದು ಕಾಗದ ಬರೆದುಕೊಟ್ಟರು. ದುರಸ್ತಿಗೆ ಬಂದ ಗೊಂಬೆಗೆ ರಸೀದಿ, ಮರಳಿಸುವ ತಾರೀಖು. ಹಾಡಿನ ಧ್ವನಿಮುದ್ರಣಕ್ಕೆ ಒಂದು ಮೈಕನ್ನು ಪರದೆಯ ಹಿಂದೆಯೂ ಇಟ್ಟರು. ಇದು ಮುಖ್ಯ. ತೊಗಲುಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯದವರು ಪರದೆಯ ಮುಂದಿನವರಿಗೆ ಹಾಡುವುದು ಕನ್ನಡದಲ್ಲಿ, ಆದರೆ ಮನೆಮಾತು ಮರಾಠಿಯ ಒಂದು ಬಗೆ. “ಅದನ್ನು ಕೊಡು, ದೀಪ ಸರಿಸು, ಈ ಪದ ಬಿಡು” ಎಂಬ ಸೂಚನೆಗಳೆಲ್ಲ ಹಿಂದೆ ಆ ಮಾತಿನಲ್ಲೇ ನಡೆಯುತ್ತವೆ. ಆಟ ಕಟ್ಟುವ ಜಾಣ್ಮೆ ಇರುವುದು ಅಲ್ಲಿ. ಮುದ್ರಣದ ಒಂದು ಪ್ರತಿ ಕುಟುಂಬಕ್ಕೆ ಮೊದಲು ಹೋಗಲಿ. ಇನ್ನೊಂದನ್ನು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂತಹ ಕಡೆ ಇಡುವುದು ಲೇಸು, ಟ್ರಸ್ಟಿನ ಆಯುಷ್ಯವನ್ನು ನಂಬಿ ಕೂರಬಾರದು.

ಇನ್ನೊಂದು ಎಚ್ಚರಿಕೆ. ದೇವತೆಗಳ ಗೊಂಬೆಗೆ ಹಿಂದೆ ಜಿಂಕೆಯ ತೊಗಲು ಬಳಸುತ್ತಿದ್ದರು. ಅಂತಹ ಹಳೆಯ ಗೊಂಬೆ ಕೈಗೆ ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅರಣ್ಯ ಇಲಾಖೆಯನ್ನು ಕೇಳದೆ ಕೊಳ್ಳುವುದು, ಸಾಗಿಸುವುದು ಮಾಡಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುವುದು ಬಡ ಕುಟುಂಬವೇ.

ಹಣದ ಬಹುಪಾಲು ಆಟಕ್ಕೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೇಳವೆಂದರೆ ಗೊಂಬೆ ಆಡಿಸುವವರೊಂದಿಗೆ ಮದ್ದಳೆ, ತಾಳ, ಹಾರ್ಮೋನಿಯಂನವರೂ ಇರಬೇಕು. ಗದಗಿನಲ್ಲಿ ಹಾರ್ಮೋನಿಯಂ ನುಡಿಸುವವರಿಗೆ ಬರವಿಲ್ಲ, ಆದರೆ ಗೊಂಬೆಯ ಹೆಜ್ಜೆ ನೋಡಿ ನುಡಿಸುವ ಅಭ್ಯಾಸ ಒಂದು ಸಂಜೆಯಲ್ಲಿ ಬರುವುದಿಲ್ಲ. ತಾಲೀಮಿನ ದಿನಕ್ಕೂ ಕೂಲಿ ಕೊಡಬೇಕು. ಮಳೆ ತಡವಾದಾಗ ಊರವರು ಗೊಂಬೆ ಆಡಿಸುತ್ತಿದ್ದ ರೂಢಿ ನಮ್ಮ ಕಡೆ ಹಿರಿಯರಿಗೆ ನೆನಪಿದೆ. ಅಂತಹ ಊರುಗಳಲ್ಲಿ ವರ್ಷಕ್ಕೊಂದು ಆಟ ಆಡಿಸಿದರೆ ಸಭಾಂಗಣದ ಹತ್ತು ನಿಮಿಷದ ಪ್ರದರ್ಶನಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ಎರಡನೆಯ ವರ್ಷ ಟ್ರಸ್ಟ್ ಹೊಸ ಗೊಂಬೆ ಮಾಡಲು ಅವ್ವನ ಮೊಮ್ಮಗನಿಗೆ ಸಂಬಳ ಕೊಟ್ಟಿತು. ಸವೆದು ಹೋದವುಗಳ ಬಾಹ್ಯರೇಖೆ, ತೂತು, ಬಣ್ಣವನ್ನೆಲ್ಲ ನಾನು ಪಾರದರ್ಶಕ ಹಾಳೆಯ ಮೇಲೆ ಇಳಿಸಿಕೊಟ್ಟೆ. ಹನುಮಂತ ಆಡುವ ಸ್ಥಿತಿಯಲ್ಲಿರಲಿಲ್ಲ. ಹೊಸವನು ಸಿದ್ಧವಾದ ಮೇಲೆ ಹಳೆಯವನನ್ನು ಹೊಳೆಗೆ ಬಿಡಬೇಕು ಎಂದರು ಅವ್ವ. ಜೀವ ಸವೆದ ಗೊಂಬೆಯನ್ನು ನೀರಿಗೆ ಒಪ್ಪಿಸುವುದು ಅವರ ಪದ್ಧತಿ. ಕಾಪಾಡುವುದೇ ಕಸುಬಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಗೊಂಬೆ ಅವರದು ಎಂದು ಕಾಗದದಲ್ಲಿ ಬರೆದುಕೊಟ್ಟವರು ನಾವೇ. ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆಗೆ ಎಲ್ಲರೂ ಹೋದೆವು. ಅವ್ವ ಸೊಂಟಮಟ್ಟದ ನೀರಿನಲ್ಲಿ ನಿಂತು, ಬಿಡುವ ಮೊದಲು ಗೊಂಬೆಯ ಬೆನ್ನಿನ ಕಟ್ಟು ಬಿಚ್ಚಿ, ಕೈಬೆವರಿಗೆ ನುಣುಪಾಗಿದ್ದ ಬಿದಿರಿನ ಸೀಳನ್ನು ಎಳೆದು ತೆಗೆದು ಮೊಮ್ಮಗನಿಗೆ ಕೊಟ್ಟರು. ಹೊಸ ಹನುಮಂತನಿಗೆ ಈಗ ಇರುವುದು ಅದೇ ಸೀಳು.